ನಾಯಿ ಏನು ಕೊಯ್ದಿತ್ತು

ದಸರಾ ರಜೆ ಅಂದರೆ ನನಗೆ ಆಗಿಬರುವುದಿಲ್ಲ. ಊರಿನ ಮಕ್ಕಳೆಲ್ಲ ಕುಣಿದಾಡುತ್ತವೆ, ಮೇಷ್ಟ್ರುಗಳು ಸಂಜೆಯ ಬಸ್ಸಿಗೇ ಜಾಗ ಖಾಲಿ ಮಾಡುತ್ತಾರೆ, ನಾನೊಬ್ಬಳು ಶಾಲೆಯ ಅಡುಗೆಮನೆಗೆ ಬೀಗ ಹಾಕಿಕೊಂಡು ಬಂದು ಬಾಡಿಗೆ ಕೋಣೆಯಲ್ಲಿ ಗೋಡೆ ನೋಡುತ್ತ ಕೂರಬೇಕು. ಬಸವಾಪಟ್ಟಣದ ಈ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ನಾನು ಅಡುಗೆಯವಳು. ಇಡೀ ಶಾಲೆಗೆ ಸಾರು ಕುದಿಸುವ ಈ ಕೈಗೆ ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಅನ್ನುವುದೇ ಮರೆತುಹೋಗಿದೆ. ರಜೆಯಲ್ಲಿ ದಿನಾ ಅನ್ನ ಮಿಗುತ್ತದೆ. ಮಿಕ್ಕಿದ್ದನ್ನು ಅಡುಗೆಮನೆಯ ಹಿಂದಿರುವ ಕೆಂಪಿಗೆ ಹಾಕಿ ಬರುತ್ತೇನೆ. ಕೆಂಪಿ ಬೀದಿನಾಯಿ. ಅದು ತಿನ್ನುವವರೆಗೂ ಅಲ್ಲೇ ನಿಂತು ಅದಕ್ಕೆ ನಾಲ್ಕು ಮಾತು ಬೈದು ಬರುವುದು ನನ್ನ ರಜೆಯ ಹರಟೆ.

ಈ ಸಲದ ರಜೆಯಲ್ಲಿ ಕೆಂಪಿ ಸೌದೆ ಕೊಟ್ಟಿಗೆಯಲ್ಲಿ ಮರಿ ಹಾಕಿತು. ಗ್ಯಾಸ್ ಬಂದ ಮೇಲೆ ಆ ಕೊಟ್ಟಿಗೆಗೆ ಯಾರೂ ಕಾಲಿಡುವುದಿಲ್ಲ. ಮೊದಲು ನೋಡಿದವಳು ನನ್ನ ಜೊತೆ ಅಡುಗೆ ಮಾಡುವ ದುರುಗಕ್ಕ. ಅವಳ ಮನೆ ಶಾಲೆಯ ಬೇಲಿಗೆ ಹತ್ತಿಕೊಂಡೇ ಇದೆ. ನಾನು ಅನ್ನದ ತಟ್ಟೆ ಹಿಡಿದು ಹೋದರೆ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಗಂಗಕ್ಕ, ಗೋಡೆ ಪಕ್ಕ ಒಂದು ಮರಿ ಐತೆ. ನೀನು ಅದನ್ನ ನೋಡಬ್ಯಾಡ,” ಅಂದಳು.

ನೋಡಬೇಡ ಅಂದರೆ ಸುಮ್ಮನೆ ವಾಪಸು ಹೋಗುವ ಪೈಕಿ ನಾನಲ್ಲ. ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದೆ. ಉಳಿದ ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡು ಚೀಪುತ್ತಿದ್ದವು. ಒಂದು ಮಾತ್ರ ದೂರ, ತಣ್ಣನೆಯ ನೆಲದ ಮೇಲೆ ತಲೆ ಅಲ್ಲಾಡಿಸುತ್ತ ಬಿದ್ದಿತ್ತು. ಎತ್ತಿಕೊಂಡೆ. ಮೇಲಿನ ತುಟಿ ನಡುವೆ ಸೀಳಿ ಮೂಗಿನವರೆಗೆ ಹೋಗಿತ್ತು. ಬಾಯಿ ಅಗಲಿಸಿ ನೋಡಿದರೆ ಅಂಗುಳವೂ ಸೀಳಿ ಒಳಗಿನ ಕೆಂಪು ಕಾಣುತ್ತಿತ್ತು. ಕೆಂಪಿಯ ಮೊಲೆಗೆ ಹಿಡಿದೆ. ಚೀಪಲು ನೋಡಿತು, ಹಾಲು ಗುಳ್ಳೆಗುಳ್ಳೆಯಾಗಿ ಮೂಗಿನಿಂದ ಬಂತು. ಕೆಂಪಿ ಮೂತಿಯಿಂದ ಅದನ್ನು ಆಚೆ ನೂಕಿತು. ನಾನು ಮತ್ತೆ ಹಿಡಿದೆ, ಅದು ಮತ್ತೆ ನೂಕಿತು.

ದುರುಗಕ್ಕ ನೋಡಬೇಡ ಅಂದದ್ದು ಯಾಕೆ ಅಂತ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ನಿಮಗೂ ಹೇಳುತ್ತೇನೆ. ನನ್ನನ್ನು ಕೊಟ್ಟದ್ದು ನ್ಯಾಮತಿ ಕಡೆಯ ಗೋವಿನಕೋವಿಗೆ. ಚೊಚ್ಚಲ ಬಸಿರು. ಏಳನೇ ತಿಂಗಳಿನ ಕುಬಸ, ಅಂದರೆ ಸೀಮಂತ, ಮುಗಿದು ಇನ್ನೂ ಹಸಿರು ಬಳೆ ಕೈಯಲ್ಲಿತ್ತು, ಅಷ್ಟರಲ್ಲಿ ದೀಪಾವಳಿಯ ಮಗ್ಗುಲಿಗೇ, ಬೆಳಿಗ್ಗೆಯ ಹೊತ್ತಿಗೆ, ಸೂರ್ಯಗ್ರಹಣ ಬಂತು. ಬಸುರಿ ಗ್ರಹಣದಲ್ಲಿ ಏನನ್ನೂ ಕೊಯ್ಯಬಾರದು, ಕತ್ತರಿಸಬಾರದು, ಕೊಯ್ದರೆ ಹೊಟ್ಟೆಯಲ್ಲಿರುವ ಕೂಸಿನ ತುಟಿ ಸೀಳುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಕಿಟಕಿಗೆ ಗೋಣಿಚೀಲ ಕಟ್ಟಿ ನನ್ನನ್ನು ಒಳಕೋಣೆಯಲ್ಲಿ ಮಲಗಿಸಿದರು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸರೂ ಕತ್ತಿ ಕೆಳಗಿಟ್ಟು ಸುಮ್ಮನಾಗಿದ್ದರು. ನಾನು ಮಗ್ಗುಲು ಕೂಡ ಬದಲಿಸದೆ ಬಿದ್ದಿದ್ದೆ. ಗ್ರಹಣ ಬಿಟ್ಟ ಮೇಲೆ ಎದ್ದು ಸ್ನಾನ ಮಾಡಿದೆ. ಅಷ್ಟೇ ನಾನು ಮಾಡಿದ್ದು.

ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ಅತ್ತೆಯ ಮನೆಯಲ್ಲೇ ಆಯಿತು. ಹೆಣ್ಣು ಕೂಸು. ಕಣ್ಣು ಎಷ್ಟು ದೊಡ್ಡದಿತ್ತು ಅಂದರೆ ಸೂಲಗಿತ್ತಿ ಮೊದಲು ಕಣ್ಣನ್ನೇ ನೋಡಿ ನಕ್ಕಳು, ಆಮೇಲೆ ಸೀಳಿದ ತುಟಿ ನೋಡಿ ಮುಖ ಆಚೆ ತಿರುಗಿಸಿದಳು. ಅತ್ತೆ ಕೇಳಿದ್ದು ಒಂದೇ ಮಾತು, ಏನು ಕೊಯ್ದೆ ಅಂತ. ಏನೂ ಇಲ್ಲ ಅಂದೆ. ಅವರು ನಂಬಲಿಲ್ಲ. ಎಲೆಯಡಿಕೆ ಚೀಲ ನನ್ನ ದಿಂಬಿನ ಹತ್ತಿರ ಇತ್ತಂತೆ, ಅದರಲ್ಲಿ ಅಡಕತ್ತರಿ ಇತ್ತಂತೆ, ಕತ್ತಲಲ್ಲಿ ಬಾಯಿಚಪಲಕ್ಕೆ ಅಡಿಕೆ ಕತ್ತರಿಸಿಕೊಂಡು ತಿಂದಿದ್ದಾಳೆ ಅಂತ ಊರೆಲ್ಲ ಹೇಳಿದರು. ಕೂಸನ್ನು ಅವರು ಮುಟ್ಟಲೂ ಇಲ್ಲ. ನನಗೆ ಬಾಣಂತಿ ಜ್ವರ ಬಂದು ಮೇಲೇಳಲು ಆಗುತ್ತಿರಲಿಲ್ಲ.

ಕೂಸಿಗೆ ಹಾಲು ಕುಡಿಸಿದವರು ನನ್ನ ಗಂಡ ನಾಗರಾಜಪ್ಪ. ಗೋಡೆಗೆ ಒರಗಿ, ಕಾಲು ನೀಡಿ, ಕಾಲ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಒಳಲೆ ಅನ್ನುವ ಪುಟ್ಟ ಮೂತಿಬಟ್ಟಲಿನಿಂದ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಆ ಮನೆಯ ಎಲ್ಲ ಕೂಸುಗಳಿಗೂ ಹೆಂಗಸರು ಕುಡಿಸುತ್ತಿದ್ದದ್ದು ಹಾಗೆಯೇ, ಅದನ್ನೇ ನೋಡಿ ಕಲಿತಿದ್ದರು. ಗಂಡಸೊಬ್ಬರು ಕೂಸಿಗೆ ಹಾಲು ಕುಡಿಸಿದ್ದನ್ನು ಆ ಊರಿನಲ್ಲಿ ನಾನು ನೋಡಿದ್ದು ಅದೊಂದೇ ಸಲ. ಹಾಲು ಮೂಗಿನಿಂದ ಬರುತ್ತಿತ್ತು, ಒರೆಸಿ ಮತ್ತೆ ಬಿಡುತ್ತಿದ್ದರು. ಹೆಸರಿಡುವ ಮೊದಲೇ ಕೂಸು ಅವರ ಕಾಲ ಮೇಲೆಯೇ ಹೋಯಿತು.

ಸುಧಾರಿಸಿಕೊಂಡು ಬರಲಿ ಅಂತ ನನ್ನನ್ನು ಅಣ್ಣನ ಮನೆಗೆ ಕಳಿಸಿದರು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಆಮೇಲೆ ಅವರಿಗೆ ಇನ್ನೊಂದು ಮದುವೆಯಾಯಿತು ಅಂತ ಸುದ್ದಿ ಬಂತು. ನಾನು ಜಗಳವಾಡಲಿಲ್ಲ. ಎಂಥವಳಾದರೂ ಜಗಳವಾಡಲು ತನ್ನದು ತಪ್ಪಿಲ್ಲ ಅನ್ನುವ ಗಟ್ಟಿ ನಂಬಿಕೆ ಬೇಕು. ನನಗೆ ಅದೇ ಸಡಿಲವಾಗಿಬಿಟ್ಟಿತ್ತು. ಅಡಕತ್ತರಿ ಮುಟ್ಟಲಿಲ್ಲ, ಅದು ಖಂಡಿತ. ಆದರೆ ಉಗುರು ಕಚ್ಚಿದೆನೇ, ಸೀರೆಯ ದಾರ ಹಲ್ಲಿನಿಂದ ಕಡಿದೆನೇ, ನಿದ್ದೆಗಣ್ಣಿನಲ್ಲಿ ಏನಾದರೂ ಚಿವುಟಿದೆನೇ? ಈ ವಯಸ್ಸಿನವರೆಗೂ ಅದೊಂದು ಮುಂಜಾನೆಯನ್ನು ಹುಡುಕಿ ಹುಡುಕಿ ಸವೆಸಿಬಿಟ್ಟಿದ್ದೇನೆ.

ಈಗ ಕೆಂಪಿಯ ಮರಿ. ಮಾರನೆಯ ದಿನವೇ ನಲ್ಲಿಯ ಹತ್ತಿರ ಮಾತು ಶುರುವಾಗಿತ್ತು, ದುರುಗಕ್ಕ ಮುಚ್ಚಿಡಲಾಗದೆ ಹೇಳಿದಳು. ನಾಯಿ ತಿಂದದ್ದು ಗಂಗಮ್ಮನ ಕೈಯ ಅನ್ನ, ಅದಕ್ಕೇ ಹಂಗಾಗಿದೆ ಅಂದರಂತೆ. ಮಕ್ಕಳಿಗೂ ಅವಳೇ ತಾನೆ ಬಡಿಸುವುದು ಅಂತಲೂ ಒಬ್ಬಳು ಅಂದಳಂತೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಆವತ್ತು ಅಳು ಬಂತು. ಮರಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ಹೊರಟೆ.

ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಜಗಳೂರಿನ ಹುಡುಗಿ, ಕಾವ್ಯಶ್ರೀ ಅಂತ. ಮರಿಯ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ಇಂಥವು ಉಳಿಯುವುದು ಕಷ್ಟ, ನರಳುವುದಕ್ಕಿಂತ ಒಂದು ಇಂಜೆಕ್ಷನ್ ಕೊಟ್ಟರೆ ನಿದ್ದೆಯಲ್ಲೇ ಹೋಗುತ್ತದೆ ಅಂದರು. ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಕೊಲ್ಲುವುದಕ್ಕೆ ಇಷ್ಟು ದೂರ ಹೊತ್ತು ತರಬೇಕಿತ್ತೇ, ನಮ್ಮೂರಲ್ಲಿ ಅದನ್ನು ಪುಕ್ಕಟೆ ಮಾಡುವವರು ಬೇಕಾದಷ್ಟಿದ್ದಾರೆ ಅಂದೆ. ಆ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿ ತೋರಿಸಿ ಕೂರಿಸಿದಳು. ಕೂತ ಮೇಲೆ ಅಷ್ಟು ವರ್ಷದಿಂದ ಗಂಟಲಲ್ಲಿದ್ದದ್ದು ತಾನಾಗಿಯೇ ಬಂತು.

“ಮೇಡಂ, ಒಂದು ಮಾತು ಹೇಳ್ರಿ. ಇದರ ತಾಯಿ ಏನು ಕೊಯ್ದಿತ್ತು ಅಂತ ಇದಕ್ಕೆ ಹಿಂಗಾಯ್ತು?”

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಗ್ರಹಣದ ಮಾತು ಅಂತ ಹೊಳೆಯಿತು ಅಂತ ಕಾಣುತ್ತದೆ, ಮರಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

“ಯಾರೂ ಏನೂ ಕೊಯ್ದಿರಲ್ಲ ಅಮ್ಮ. ಹೊಟ್ಟೆಯೊಳಗೆ ಬಾಯಿ ಎರಡು ಕಡೆಯಿಂದ ಬೆಳ್ಕಂಡು ಬಂದು ನಡುವೆ ಕೂಡಬೇಕು. ಒಂದೊಂದು ಸಲ ಕೂಡಲ್ಲ. ಯಾಕೆ ಅಂತ ಎಷ್ಟೋ ಸಲ ನಮಗೂ ತಿಳಿಯಲ್ಲ.”

ಮನುಷ್ಯರಿಗೆ, ಅಂತ ಕೇಳಿದೆ. ಮನುಷ್ಯರಿಗೂ ಹಾಗೆಯೇ, ಬಸುರಾಗಿ ಮೂರು ತಿಂಗಳು ತುಂಬುವುದರೊಳಗೆ ತುಟಿ, ಅಂಗುಳ ಎಲ್ಲ ಕೂಡುವುದಿದ್ದರೆ ಕೂಡಿ ಮುಗಿದಿರುತ್ತದೆ, ಆಮೇಲೆ ತಾಯಿ ಏನು ಕೊಯ್ದರೂ ಅದು ಸೀಳುವುದಿಲ್ಲ ಅಂದರು. ಮೂರು ತಿಂಗಳು. ಗ್ರಹಣ ಬಂದಾಗ ನನಗೆ ಕುಬಸ ಆಗಿತ್ತು. ಅಡಕತ್ತರಿ ದಿಂಬಿನ ಹತ್ತಿರ ಬರುವ ಎಷ್ಟೋ ಮೊದಲೇ ನನ್ನ ಕೂಸಿನ ಬಾಯಿ ಹೇಗಾಗಬೇಕೋ ಹಾಗೆ ಆಗಿಹೋಗಿತ್ತು. ಇಷ್ಟನ್ನು ಹೇಳುವವರು ಒಬ್ಬರೂ ನನಗೆ ಸಿಗಲಿಲ್ಲವಲ್ಲ. ನಾನೂ ಒಬ್ಬರನ್ನೂ ಕೇಳಲಿಲ್ಲ, ನಾಚಿಕೆಯಿಂದ.

ಅವರು ಮರಿಗೆ ಕುಡಿಸುವುದನ್ನು ತೋರಿಸಿಕೊಟ್ಟರು. ಸಣ್ಣ ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯನ್ನು ನಾಲಿಗೆಯ ಮೇಲಿನಿಂದ ಹೊಟ್ಟೆಯವರೆಗೆ ಇಳಿಸಿ, ಸಿರಿಂಜಿನಿಂದ ನಿಧಾನವಾಗಿ ಹಾಲು ಬಿಡಬೇಕು. ಮರಿ ಹೊಟ್ಟೆ ಕೆಳಗೆ ಮಾಡಿಕೊಂಡಿರಬೇಕು, ತಲೆ ತುಸು ಮೇಲಿರಬೇಕು. ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡು, “ಅಂಗಾತ ಮಲಗಿಸಿ ಮಾತ್ರ ಕುಡಿಸಬ್ಯಾಡ್ರಿ. ಹಂಗೆ ಕುಡಿಸಿದರೆ ಹಾಲು ಉಸಿರಿನ ಕಡೆ ಹೋಗಿ ಮರಿ ನಿಮ್ಮ ಕೈಯಾಗೇ ಹೋಗ್ತದೆ,” ಅಂದರು.

ಅವರು ಹೇಳಿದ್ದು ನಾಯಿಮರಿಯ ಮಾತು. ನನ್ನ ಕಣ್ಣ ಮುಂದೆ ಬಂದದ್ದು ಗೋವಿನಕೋವಿಯ ಗೋಡೆ, ನೀಡಿದ ಎರಡು ಕಾಲು. ಕೂಸುಗಳಿಗೂ ಹಿಂಗೇನಾ ಅಂದೆ. ಕೂಸುಗಳಿಗೆ ಕೊಳವೆ ಕೂಡ ಬೇಕಾಗುವುದು ಕಡಿಮೆ, ಕೂರಿಸಿದ ಹಾಗೆ ಎತ್ತಿಕೊಂಡು ಚಮಚದಲ್ಲೋ ಒಳಲೆಯಲ್ಲೋ ಸ್ವಲ್ಪ ಸ್ವಲ್ಪ ಕುಡಿಸಿದರೆ ಎಷ್ಟೋ ಕೂಸುಗಳು ಉಳಿಯುತ್ತವೆ, ಆಮೇಲೆ ಆಪರೇಶನ್ ಮಾಡುತ್ತಾರೆ ಅಂದರು. ನಾನು ಮರಿ ಎತ್ತಿಕೊಂಡು ಎದ್ದೆ. ನಮಸ್ಕಾರ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಓದಿದವರು ಹೇಳುತ್ತಾರೆ, ಅವರಿಗೇನು ಅಂದುಕೊಂಡೆ ದಾರಿಯಲ್ಲಿ. ಇಂಥ ಬಾಯಿ ಇದ್ದದ್ದು ಹೇಗೆ ಉಳಿದೀತು? ಈ ಮರಿ ಉಳಿದರೆ ಆಗ ನಂಬುತ್ತೇನೆ. ಇದು ಉಳಿದರೆ ನನ್ನ ಕೂಸೂ ಉಳಿಯುತ್ತಿತ್ತು. ಹಾಗಂತ ನನಗೆ ನಾನೇ ಪಂಥ ಕಟ್ಟಿಕೊಂಡುಬಿಟ್ಟೆ. ಮರಿ ಬದುಕಲಿ ಅಂತ ಬೇಡಿಕೊಳ್ಳುವ ಬಾಯಲ್ಲೇ, ಬದುಕಿಬಿಟ್ಟರೆ ಏನು ಮಾಡಲಿ ಅನ್ನುವ ಹೆದರಿಕೆಯೂ ಇತ್ತು.

ಆಕಳ ಹಾಲು ನಾಯಿಮರಿಗೆ ತೆಳುವಾಗುತ್ತದಂತೆ, ಮೊಟ್ಟೆಯ ಹಳದಿ ಕಲಸಬೇಕು ಅಂದಿದ್ದರು. ಇದು ಬೇರೆ ಕೇಡು. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವ ದಿನ ಬೇಯಿಸುವುದು, ಸುಲಿಯುವುದು ಎಲ್ಲ ದುರುಗಕ್ಕನ ಪಾಲು, ನಾನು ಅನ್ನ ಸಾರಿನ ಕಡೆ ಇರುತ್ತೇನೆ. ನಾನು ಲಿಂಗ ಕಟ್ಟಿದವಳು, ನನ್ನ ಕೋಣೆಯ ಹೊಸ್ತಿಲು ಮೊಟ್ಟೆ ದಾಟಿದ್ದಿಲ್ಲ. ಮೊದಲ ಎರಡು ದಿನ ದುರುಗಕ್ಕ ತನ್ನ ಮನೆಯಲ್ಲೇ ಒಡೆದು ಬಟ್ಟಲಿಗೆ ಹಾಕಿ ತಂದಳು. ಆಮೇಲೆ ಅವಳು ಸಂತೇಬೆನ್ನೂರಿಗೆ ಮಗಳ ಮನೆಗೆ ಹೋದಳು. ನಾನು ಅಂಗಡಿಗೆ ಹೋಗಿ ಮೊಟ್ಟೆ ಕೊಡಿ ಅಂದಾಗ ಅಂಗಡಿಯ ಕಲ್ಲೇಶ್ ಬೇರೆ ಏನೋ ಕೇಳಿದೆನೆಂದು ಬೆಲ್ಲ ಎತ್ತಿಕೊಟ್ಟ. ಮೊಟ್ಟೆ ಕಣಪ್ಪಾ, ಕೋಳಿದು ಅಂದೆ. ಹಿತ್ತಲಿನ ಕಲ್ಲಿನ ಮೇಲೆ ಕೂತು, ಶಿವನೇ ಆಚೆ ನೋಡು ಅಂತ ಹೇಳಿ ಒಡೆದೆ. ವಾಸನೆಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡೆ. ಮೂರನೆಯ ಸಲಕ್ಕೆ ಅದೂ ಅಭ್ಯಾಸವಾಯಿತು.

ಮೊದಲ ಸಲ ಶಿವ ಶಿವ ಅನ್ನುತ್ತಲೇ ಕೊಳವೆ ಇಳಿಸಿದೆ. ಮರಿ ಕೊಸರಿತು, ಆಮೇಲೆ ಹೊಟ್ಟೆ ಮೆಲ್ಲಗೆ ತುಂಬಿ ಗುಂಡಗಾದದ್ದು ಅಂಗೈಗೆ ಗೊತ್ತಾಯಿತು. ಎಣ್ಣೆ ಪ್ಯಾಕೆಟ್ಟಿನ ರಟ್ಟಿನ ಡಬ್ಬಿಯಲ್ಲಿ ನನ್ನ ಹಳೆಯ ಸೀರೆ ಹಾಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮಲಗಿಸುತ್ತಿದ್ದೆ. ಹೊತ್ತು ಹೊತ್ತಿಗೆ ಎದ್ದು ಕುಡಿಸುವುದೇ ಒಂದು ಕೆಲಸವಾಯಿತು. ಆ ಕೋಣೆಯಲ್ಲಿ ನನ್ನ ಉಸಿರಲ್ಲದೆ ಇನ್ನೊಂದು ಉಸಿರು ಕೇಳಿಸಿದ್ದು ಎಷ್ಟು ವರ್ಷಕ್ಕೋ. ಬಾಯಿ ಸುಮ್ಮನಿರುತ್ತಿರಲಿಲ್ಲ, ಅದಕ್ಕೆ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದೆ. ನಿನ್ನ ಅವ್ವ ಎಂಥ ಬೇಕೂಫಳೋ ಅಂತ ಕೆಂಪಿಯನ್ನು ಬೈಯುತ್ತಿದ್ದೆ. ಹೆಸರು ಮಾತ್ರ ಇಡಲಿಲ್ಲ. ಹೆಸರಿಟ್ಟ ಮೇಲೆ ಹೋದರೆ ತಡೆಯುವ ಶಕ್ತಿ ನನಗಿರಲಿಲ್ಲ.

ನಡುವೆ ಒಂದು ಸಲ ಕೈಬಿಟ್ಟು ಹೋಯಿತು ಅಂತಲೇ ಅಂದುಕೊಂಡೆ. ಮೈ ಬಿಸಿ, ಎದೆಯಲ್ಲಿ ಗೊರಗೊರ. ಎತ್ತಿಕೊಂಡು ಓಡಿದೆ. ಕಾವ್ಯಶ್ರೀ ಮೇಡಂ ಔಷಧಿ ಕೊಟ್ಟು, ಎದೆಯಲ್ಲಿ ಕಫ ಕಟ್ಟಿದೆ, ನೋಡೋಣ ಅಂದರು. ಸಂಜೆಯವರೆಗೂ ಆಸ್ಪತ್ರೆಯ ಕಟ್ಟೆಯ ಮೇಲೆಯೇ ಕೂತಿದ್ದೆ. ಎಮ್ಮೆ ತಂದವರು, ಕುರಿ ತಂದವರು ಬಂದು ಹೋದರು, ಯಾರೋ ಒಬ್ಬರು ನಾಯಿಮರಿಗೆ ಇಷ್ಟು ಮಾಡ್ತೀಯಲ್ಲಮ್ಮ ಅಂತ ನಕ್ಕರು. ನಾನು ಟವೆಲ್ಲು ಸರಿಸಿ ಮರಿಯ ಎದೆಗೆ ಕಿವಿಯಿಟ್ಟೆ.

ಅದು ಉಳಿಯಿತು. ಕಣ್ಣು ಬಿಟ್ಟಿತು, ನಿಂತಿತು, ಬಿದ್ದಿತು, ನನ್ನ ಕಾಲ್ಬೆರಳು ಕಚ್ಚಿತು. ಶಾಲೆ ಶುರುವಾಗಿ ದೀಪಾವಳಿಯೂ ಕಳೆದ ಮೇಲೆ ಒಂದು ದಿನ, ನನ್ನ ಜೊತೆ ಶಾಲೆಯ ಅಡುಗೆಮನೆಗೆ ಬಂದಿದ್ದ ಮರಿ ಕೆಂಪಿಗೆಂದು ಗಟ್ಟಿಯಾಗಿ ಕಲಸಿಟ್ಟಿದ್ದ ಅನ್ನಕ್ಕೆ ತಾನೇ ಬಾಯಿ ಹಾಕಿ ತಿಂದಿತು. ನಾಲ್ಕು ಅಗುಳು ಮೂಗಿಗೇರಿ ಸೀನಿತು, ಮತ್ತೆ ತಿಂದಿತು. ದುರುಗಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದಳು. ಮೇಡಂ ಕೂಡ ಆ ದಿನ ಬಂದು ನೋಡಿ, ಇನ್ನು ಭಯವಿಲ್ಲ, ದೊಡ್ಡದಾದ ಮೇಲೆ ಅಂಗುಳಕ್ಕೆ ಹೊಲಿಗೆ ಹಾಕಿಸೋಣ ಅಂದರು.

“ನಲ್ಲಿ ತಾವ ಮಾತಾಡೋರಿಗೆ ತೋರಿಸಬೇಕು ಇದನ್ನ. ನಿನ್ನ ಕೈ ಎಂಥ ಕೈ ಅಂತ ತಿಳಿಲಿ. ನೀನು ಗೆದ್ದೆ ಗಂಗಕ್ಕ,” ಅಂದಳು ದುರುಗಕ್ಕ.

ಗೆದ್ದೆನಂತೆ. ಅಕ್ಕಿ ಮೂಟೆಯ ಮೇಲೆ ಕೂತು ಅತ್ತುಬಿಟ್ಟೆ, ಹೆತ್ತಾಗ ಕೂಡ ಹಾಗೆ ಅತ್ತಿರಲಿಲ್ಲ. ಮರಿ ಸತ್ತಿದ್ದರೆ ಒಂದೆರಡು ದಿನ ಅತ್ತು, ಇಂಥವು ಉಳಿಯುವುದಿಲ್ಲ ಬಿಡು ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗ ಆ ಸಮಾಧಾನವೂ ಹೋಯಿತು. ನನ್ನ ಮಗಳು ಬದುಕುತ್ತಿದ್ದಳು. ತಲೆ ತುಸು ಮೇಲೆತ್ತಿ ಹಿಡಿದಿದ್ದರೆ ಸಾಕಿತ್ತು. ದುಃಖ ಇಳಿದ ಮೇಲೆ ಅದರ ಜಾಗಕ್ಕೆ ಸಿಟ್ಟು ಬಂದು ಕೂತಿತು. ನಾನೊಬ್ಬಳೇ ಯಾಕೆ ಹೊರಬೇಕು ಇದನ್ನು? ಕುಡಿಸಿದ ಕೈ ನನ್ನದಲ್ಲ. ನನ್ನನ್ನು ದೂರ ಮಾಡಿ, ಬೇರೆ ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳು ಅಂತ ಇರುವವರಿಗೂ ತಿಳಿಯಲಿ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಮರಿಗೆ ತಿನ್ನಿಸಿ, ದುರುಗಕ್ಕನ ಮನೆಯಲ್ಲಿ ಬಿಟ್ಟು ಹೊನ್ನಾಳಿ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಇಳಿದು ಗೋವಿನಕೋವಿಯ ಬಸ್ಸಿಗೆ ಕಾದೆ. ಏನು ಹೇಳಬೇಕು ಅನ್ನುವುದನ್ನು ದಾರಿಯುದ್ದಕ್ಕೂ ಒಳಗೊಳಗೇ ಮಸೆಯುತ್ತಿದ್ದೆ. ಏಳು ತಿಂಗಳಿಗೆ ಬಾಯಿ ಸೀಳುವುದಿಲ್ಲ, ಅದು ಮೊದಲನೆಯ ಮಾತು. ನಿಮ್ಮ ಕಾಲ ಮೇಲೆ ಅಂಗಾತ ಮಲಗಿಸಿ ನೀವೇ ಅದನ್ನು ಕೊಂದಿರಿ, ಅದು ಎರಡನೆಯದು.

ಊರು ಬದಲಾಗಿತ್ತು. ಆದರೂ ಮನೆ ಯಾರನ್ನೂ ಕೇಳದೆ ಸಿಕ್ಕಿತು. ನಾಗರಾಜಪ್ಪ ಜಗಲಿಯ ಮೇಲೆ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ತೊಟ್ಟಿಲಿತ್ತು, ಅದರ ಹಗ್ಗ ಹಿಡಿದು ತೂಗುತ್ತಿದ್ದರು. ನನ್ನನ್ನು ನೋಡಿದವರೇ ಗುರುತು ಹಿಡಿದು, ಹಗ್ಗ ಬಿಟ್ಟು ಎದ್ದು ನಿಂತರು. ಬಾ ಅಂದರು. ಅವರ ಹೆಂಡತಿ ಬಂದು ಯಾರೆಂದು ತಿಳಿದು, ಟೀ ತಂದಿಟ್ಟು, ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ಹೋದರು. ಒಳ್ಳೆಯ ಹೆಂಗಸು. ನನಗೆ ಅದೂ ಸಿಟ್ಟು ತರಿಸಿತು.

ನಾನು ಸುತ್ತಿ ಬಳಸಲಿಲ್ಲ. ನಮ್ಮ ಶಾಲೆಯ ಹತ್ತಿರ ಒಂದು ನಾಯಿ ಅದೇ ಥರದ ಬಾಯಿಯ ಮರಿ ಹಾಕಿತು ಅಂತ ಶುರು ಮಾಡಿದೆ. ಡಾಕ್ಟರ ಹತ್ತಿರ ಹೋದದ್ದು, ಅವರು ಮೂರು ತಿಂಗಳ ಮಾತು ಹೇಳಿದ್ದು, ನನಗೆ ಆವತ್ತು ಕುಬಸ ಆಗಿಹೋಗಿತ್ತು ಅನ್ನುವುದು, ಎಲ್ಲ ಹೇಳಿದೆ.

“ನೀನು ಏನೂ ಮಾಡಿಲ್ಲ ಅಂತ ನನಗೆ ಅವತ್ತೂ ಅನ್ನಿಸಿತ್ತು ಶಿವಗಂಗಾ. ಅವ್ವನ ಮುಂದೆ ಬಾಯಿ ಬರಲಿಲ್ಲ,” ಅಂದರು, ನನ್ನ ಪೂರ್ತಿ ಹೆಸರು ಹಿಡಿದು.

ಮೈಯೆಲ್ಲ ಉರಿದುಹೋಯಿತು. ಅನ್ನಿಸಿತ್ತಂತೆ. ನನ್ನ ಇಡೀ ಬದುಕು ಹೋದದ್ದು ಇವರಿಗೆ ಬಾಯಿ ಬರದೆ. ಎರಡನೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಮುಂದುವರಿಸಿದರು, ನನ್ನ ಮುಖ ನೋಡದೆ.

“ನನ್ನ ಚಿಂತೆ ಬ್ಯಾರೆ. ಅದು ಹೋಗಿದ್ದು ನನ್ನ ಕಾಲ ಮ್ಯಾಲೆ. ನಾನು ಕುಡಿಸಿದ್ದೇ ಹೆಚ್ಚುಕಮ್ಮಿ ಆಯ್ತೇನೋ ಅಂತ ಕೊರೀತಾನೇ ಐತೆ. ಆಮೇಲೆ ಹುಟ್ಟಿದ ಒಂದು ಮಗೂಗೂ ನಾನು ಹಾಲು ಕುಡಿಸಿಲ್ಲ. ಈಗ ಮೊಮ್ಮಗಳನ್ನ ಎತ್ತಿಕೊಳ್ಳಾಕೂ ಕೈ ಬರಲ್ಲ, ಹಗ್ಗ ಹಿಡಿದು ತೂಗ್ತೀನಿ ಅಷ್ಟೇ.”

ಆಮೇಲೆ ತಲೆಯೆತ್ತಿದರು. ಆ ಮುಖದಲ್ಲಿದ್ದ ಹೆದರಿಕೆ ನನಗೆ ಹೊಸದಲ್ಲ. ನಾನು ಕನ್ನಡಿಯಲ್ಲಿ ದಿನಾ ನೋಡಿದ್ದು ಅದನ್ನೇ. ಗ್ರಹಣದ ಮುಂಜಾನೆಯನ್ನು ನಾನು ಅಲ್ಲಿ ಹುಡುಕುತ್ತ ಕೂತಿದ್ದರೆ, ಇವರು ಇಲ್ಲಿ ಕೂಸು ಹೋದ ಹೊತ್ತನ್ನು ಹುಡುಕುತ್ತ ಕೂತಿದ್ದರು.

“ಆ ನಾಯಿಮರಿ ಏನಾಯ್ತು?” ಅಂತ ಕೇಳಿದರು.

ಒಳಗೆ ಕೂಸು ಅಳುತ್ತಿತ್ತು, ಅವರ ಹೆಂಡತಿ ರಮಿಸುತ್ತಿದ್ದರು. ನಾನು ಟೀ ಲೋಟ ಕೆಳಗಿಟ್ಟೆ.

“ಅದೂ ಹೋಯ್ತು ರೀ. ಅಂಥವು ಉಳಿಯಲ್ಲಂತೆ. ಹೆಂಗೆ ಕುಡಿಸಿದರೂ ಅಷ್ಟೇ ಅಂದರು ಡಾಕ್ಟ್ರು.”

ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಮುಚ್ಚಿಕೊಂಡರು. ಬೆನ್ನು ಅಲುಗುತ್ತಿತ್ತು. ಸಮಾಧಾನ ಹೇಳುವ ಹಕ್ಕು ನನಗಿರಲಿಲ್ಲ, ನೀವೇ ಕೊಂದಿರಿ ಅನ್ನಲು ಬಂದವಳು ನಾನು. ಸ್ವಲ್ಪ ಹೊತ್ತಿನ ಮೇಲೆ ಟವೆಲ್ಲು ತೆಗೆದು, ಊಟ ಮಾಡಿಕೊಂಡು ಹೋಗು, ಅಡುಗೆ ಆಗಿದೆ ಅಂದರು. ಇಲ್ಲ, ಮನೆಯಲ್ಲಿ ಕೆಲಸ ಇದೆ ಅಂದೆ. ಮರಿಗೆ ಅನ್ನ ಕಲಸುವ ಹೊತ್ತಾಗುತ್ತಿತ್ತು. ಅದನ್ನು ಅವರಿಗೆ ಹೇಳುವ ಹಾಗಿರಲಿಲ್ಲ.